214 ಕೋಟಿಯ ಗೋಡೆ

ಒಂದು ಕಂಪನಿಯ ಗ್ರಾಹಕರ ಪಟ್ಟಿ ತೆರೆದಿದ್ದೀರಿ ಅಂದುಕೊಳ್ಳಿ. ಮೈಸೂರಿನ ಗ್ರಾಹಕರ ಮೊಬೈಲ್ ನಂಬರ್ 2147483647. ಹುಬ್ಬಳ್ಳಿಯವರದ್ದೂ 2147483647. ಮಂಗಳೂರು, ಕಲಬುರಗಿ, ಕೋಲಾರ, ಎಲ್ಲರದ್ದೂ ಅದೇ. ಸಾವಿರಾರು ಜನ ಒಂದೇ ಸಿಮ್ ಹಂಚಿಕೊಂಡಿದ್ದಾರಾ?

ಸಾಫ್ಟ್‌ವೇರ್‌ನಲ್ಲಿ ಕೆಲಸ ಮಾಡುವವರಿಗೆ ಇದು ಹಳೇ ಜೋಕ್. ಟೇಬಲ್ ಮಾಡಿದವರು ಮೊಬೈಲ್ ನಂಬರಿನ ಕಾಲಂಗೆ ‘ಇಂಟ್’ ಅನ್ನೋ ಮಾಮೂಲಿ ಸಂಖ್ಯೆಯ ನಮೂನೆ ಕೊಟ್ಟಿರುತ್ತಾರೆ. ಅದರಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 2147483647. ನಮ್ಮ ಮೊಬೈಲ್ ನಂಬರುಗಳು ಶುರುವಾಗೋದು 6, 7, 8 ಅಥವಾ 9ರಿಂದ, ಹತ್ತು ಅಂಕಿ. ಅಂದರೆ ಭಾರತದ ಒಂದೇ ಒಂದು ಮೊಬೈಲ್ ನಂಬರೂ ಆ ಡಬ್ಬಿಯೊಳಗೆ ಹಿಡಿಸೋದಿಲ್ಲ. ಹಳೇ ಸೆಟ್ಟಿಂಗ್ ಇರುವ ಮೈಎಸ್‌ಕ್ಯೂಎಲ್ ಡೇಟಾಬೇಸ್ ಆಗ ಗಲಾಟೆ ಮಾಡುವುದಿಲ್ಲ. ಡಬ್ಬಿಗೆ ಹಿಡಿಸುವಷ್ಟು ತುಂಬಿ, ಮಿಕ್ಕಿದ್ದನ್ನು ಸುಮ್ಮನೆ ಚೆಲ್ಲಿಬಿಡುತ್ತದೆ. ಹಾಗಾಗಿ ಎಲ್ಲರಿಗೂ ಒಂದೇ ನಂಬರು. ತಮಾಷೆ ಏನು ಗೊತ್ತಾ, 214 ಅನ್ನೋದು ಅಮೆರಿಕದ ಡಲ್ಲಾಸ್ ನಗರದ ಏರಿಯಾ ಕೋಡ್. ಹಾಗಾಗಿ ಅಲ್ಲಿಯವರ ಕಣ್ಣಿಗೆ ಇದು ಯಾರದೋ ಮನೆಯ ಫೋನ್ ನಂಬರಿನ ಹಾಗೇ ಕಾಣುತ್ತದೆ.

ನಾವು ಎಂಜಿನಿಯರ್‌ಗಳು ಈ ಸಂಖ್ಯೆಯನ್ನು ಗೋಡೆ ಅಂತಲೇ ನೋಡಿ ಅಭ್ಯಾಸ. ಇಂಟರ್‌ವ್ಯೂಗೆ ಓದಿಕೊಳ್ಳುತ್ತೇವೆ, ಕೋಡ್‌ನಲ್ಲಿ ಕಂಡರೆ ಹುಬ್ಬು ಗಂಟು ಹಾಕುತ್ತೇವೆ. ಆದರೆ ಕಂಪ್ಯೂಟರ್ ಹುಟ್ಟುವುದಕ್ಕೆ ಎಷ್ಟೋ ಮೊದಲೇ ಈ ಸಂಖ್ಯೆ ಹೆಸರುವಾಸಿಯಾಗಿತ್ತು, ಬೇರೆಯೇ ಕಾರಣಕ್ಕೆ. 214 ಕೋಟಿ 74 ಲಕ್ಷ 83 ಸಾವಿರದ 647 ಒಂದು ಅವಿಭಾಜ್ಯ ಸಂಖ್ಯೆ, ಪ್ರೈಮ್ ನಂಬರ್. ಒಂದರಿಂದ ಮತ್ತು ತನ್ನಿಂದ ಬಿಟ್ಟರೆ ಯಾವುದರಿಂದಲೂ ಅದು ಶೇಷವಿಲ್ಲದೆ ಭಾಗವಾಗದು. ಸುಮಾರು ಒಂದು ಶತಮಾನದ ಕಾಲ ಮನುಷ್ಯರಿಗೆ ಗೊತ್ತಿದ್ದ ಅತಿ ದೊಡ್ಡ ಅವಿಭಾಜ್ಯ ಇದೇ ಆಗಿತ್ತು. ‘ಇಷ್ಟು ಸಾಕು, ಇದಕ್ಕಿಂತ ದೊಡ್ಡದು ಯಾರಿಗೂ ಬೇಕಾಗಲ್ಲ’ ಅನ್ನೋ ಮಾತು ಈ ಸಂಖ್ಯೆಯ ವಿಷಯದಲ್ಲಿ ಎರಡು ಸಲ ನಡೆದಿದೆ. ಮೊದಲ ಸಲ ಗಣಿತದವರು, ಎರಡನೇ ಸಲ ನಮ್ಮಂಥವರು.

ಮೂವತ್ತೊಂದು ಸ್ವಿಚ್ಚು

ಗೋಡೆ ಯಾಕೆ ಅಲ್ಲೇ ಇದೆ ಅನ್ನೋದು ಸುಲಭ. ಕಂಪ್ಯೂಟರಿನ ಮಾಮೂಲಿ ಇಂಟ್ ಅಂದರೆ 32 ಸ್ವಿಚ್ಚುಗಳ ಸಾಲು. ಒಂದು ಸ್ವಿಚ್ಚು ಪ್ಲಸ್ಸೋ ಮೈನಸ್ಸೋ ಹೇಳಲು ಹೋಯಿತು. ಉಳಿದದ್ದು 31. ಮೊದಲನೇ ಸ್ವಿಚ್ಚಿನ ಬೆಲೆ 1, ಎರಡನೆಯದರದ್ದು 2, ಆಮೇಲೆ 4, 8, 16, ಹೀಗೆ ದುಪ್ಪಟ್ಟಾಗುತ್ತಾ ಹೋಗುತ್ತದೆ. ಚದುರಂಗದ ಮಣೆಯ ಮೇಲೆ ಅಕ್ಕಿಕಾಳು ಇಡುವ ಕಥೆ ಚಿಕ್ಕಂದಿನಲ್ಲಿ ಕೇಳಿರುತ್ತೀರಲ್ಲ, ಅದೇ ಲೆಕ್ಕ. ಮಣೆಯ 31ನೇ ಮನೆಯವರೆಗೆ ಇಟ್ಟ ಕಾಳುಗಳನ್ನೆಲ್ಲ ಎಣಿಸಿದರೆ ಸರಿಯಾಗಿ 2147483647. ಗಣಿತದ ಭಾಷೆಯಲ್ಲಿ, 2ನ್ನು 31 ಸಲ ಗುಣಿಸಿ ಒಂದು ಕಳೆದಾಗ ಬರುವ ಸಂಖ್ಯೆ.

ಇಂಥ ‘ಎರಡರ ಘಾತದಿಂದ ಒಂದು ಕಳೆದ’ ಸಂಖ್ಯೆಗಳಿಗೆ ಮರ್ಸೆನ್ ಸಂಖ್ಯೆಗಳು ಅಂತ ಹೆಸರು. ಮರಾನ್ ಮರ್ಸೆನ್ ಹದಿನೇಳನೇ ಶತಮಾನದ ಫ್ರಾನ್ಸಿನ ಒಬ್ಬ ಸನ್ಯಾಸಿ. ಯುರೋಪಿನ ಗಣಿತಜ್ಞರ ಜೊತೆಗೆಲ್ಲ ಪತ್ರ ವ್ಯವಹಾರ ಇಟ್ಟುಕೊಂಡಿದ್ದವರು. ಈಗಿನ ಕಾಲದಲ್ಲಾಗಿದ್ದರೆ ಹತ್ತು ವಾಟ್ಸ್‌ಆ್ಯಪ್ ಗ್ರೂಪಿಗೆ ಅಡ್ಮಿನ್ ಆಗಿರುತ್ತಿದ್ದರು.

ಘಾತ ಭಾಜ್ಯ ಸಂಖ್ಯೆಯಾಗಿದ್ದರೆ ಮರ್ಸೆನ್ ಸಂಖ್ಯೆಯೂ ಕಣ್ಣುಮುಚ್ಚಿಕೊಂಡು ಭಾಜ್ಯ. 16 ಬಿಟ್ ಇಂಟ್‌ನ ಗೋಡೆಯನ್ನೇ ನೋಡಿ: 2ರ 15ನೇ ಘಾತದಿಂದ ಒಂದು ಕಡಿಮೆ, ಅಂದರೆ 32767. 15ನ್ನು 3 ಮತ್ತು 5 ಭಾಗಿಸುತ್ತವೆ, ಹಾಗಾಗಿ 32767ನ್ನು 7 ಮತ್ತು 31 ಭಾಗಿಸುತ್ತವೆ (2ರ 3ನೇ ಘಾತ ಕಳೆ ಒಂದು ಅಂದರೆ 7, 5ನೇ ಘಾತ ಕಳೆ ಒಂದು ಅಂದರೆ 31). 64 ಬಿಟ್‌ನ ಗೋಡೆ 2ರ 63ನೇ ಘಾತ ಕಳೆ ಒಂದು. 63 ಭಾಜ್ಯ, ಹಾಗಾಗಿ ಅದೂ ಭಾಜ್ಯ. 7ರಿಂದ ಒಮ್ಮೆಯಲ್ಲ, ಎರಡು ಸಲ ಭಾಗವಾಗುತ್ತೆ. 8 ಬಿಟ್‌ನ ಗೋಡೆ 127, ಅವಿಭಾಜ್ಯ. 32 ಬಿಟ್‌ನದ್ದು ನಮ್ಮ ಕಥಾನಾಯಕ, ಅವಿಭಾಜ್ಯ. 128 ಬಿಟ್‌ನ ಗೋಡೆ 39 ಅಂಕಿಯ ಸಂಖ್ಯೆ, ಅದೂ ಅವಿಭಾಜ್ಯ. ಕಂಪ್ಯೂಟರ್ ಕಟ್ಟಿದವರು ಅವಿಭಾಜ್ಯ ಬೇಕು ಅಂತ ಹುಡುಕಿ ಇಟ್ಟದ್ದಲ್ಲ. ಅವರಿಗೆ 8, 16, 32, 64 ಅನುಕೂಲವಾಗಿತ್ತು, ಅಷ್ಟೇ.

ಘಾತ ಅವಿಭಾಜ್ಯವಾಗಿದ್ದ ಮಾತ್ರಕ್ಕೆ ಕೆಲಸ ಮುಗಿಯಿತು ಅಂತಲೂ ಅಲ್ಲ. 11 ಅವಿಭಾಜ್ಯ, ಆದರೆ 2ರ 11ನೇ ಘಾತ ಕಳೆ ಒಂದು ಅಂದರೆ 2047. ಅದು 23 ಗುಣಿಸು 89. ಈ ಜಾಗದಲ್ಲೇ ದೊಡ್ಡ ದೊಡ್ಡವರು ಎಡವಿದ್ದು. ಇಟಲಿಯ ಬೊಲೋನ್ಯದಲ್ಲಿ ಗಣಿತ ಕಲಿಸುತ್ತಿದ್ದ ಪಿಯೆತ್ರೊ ಕತಾಲ್ದಿ 19ನೇ ಘಾತದ ತನಕ (5,24,287) ಕೂತು ಭಾಗಿಸಿ ಖಚಿತ ಮಾಡಿಕೊಂಡಿದ್ದರು. ಅಲ್ಲಿಗೆ ನಿಲ್ಲಿಸದೆ 1603ರ ಪುಸ್ತಕದಲ್ಲಿ 23, 29, 31, 37 ಕೂಡ ಅವಿಭಾಜ್ಯವನ್ನೇ ಕೊಡುತ್ತವೆ ಅಂದುಬಿಟ್ಟರು. ನಾಲ್ಕರಲ್ಲಿ ಮೂರು ತಪ್ಪು. ಮರ್ಸೆನ್ ಕೂಡ 1644ರಲ್ಲಿ ಒಂದು ಪಟ್ಟಿ ಕೊಟ್ಟರು. ಅದರಲ್ಲಿ 31 ಇತ್ತು, ಸರಿಯಾಗಿತ್ತು. ಆದರೆ 67 ಕೂಡ ಇತ್ತು, ಅದು ತಪ್ಪು. 31ರ ಬಗ್ಗೆ ಇಬ್ಬರೂ ಹೇಳಿದ್ದು ನಿಜವಾಯಿತು, ಆದರೆ ಪುರಾವೆ ಮಾತ್ರ ಇಬ್ಬರ ಹತ್ತಿರವೂ ಇರಲಿಲ್ಲ.

ಐವತ್ತು ದಿನದ ಕೆಲಸ ಒಂದು ದಿನದಲ್ಲಿ

ಪುರಾವೆ ಕೊಟ್ಟಿದ್ದು ಲಿಯೊನಾರ್ಡ್ ಆಯ್ಲರ್. 1772ರಲ್ಲಿ ಬರ್ಲಿನ್‌ನ ಬರ್ನೂಲಿಗೆ ಬರೆದ ಪತ್ರದಲ್ಲಿ ಈ ವಿಷಯ ಬರುತ್ತದೆ. ಆಗ ಆಯ್ಲರ್‌ಗೆ 65ರ ಆಸುಪಾಸು. ಇದ್ದದ್ದು ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ. ಒಂದು ಕಣ್ಣು ಯಾವಾಗಲೋ ಹೋಗಿತ್ತು, ಇನ್ನೊಂದಕ್ಕೆ ಪೊರೆ ಬಂದು, ಅದರ ಆಪರೇಷನ್ನೂ ಕೈಕೊಟ್ಟು, ಹೆಚ್ಚುಕಡಿಮೆ ಪೂರ್ತಿ ಕತ್ತಲೆ. ಹಿಂದಿನ ವರ್ಷವಷ್ಟೇ ಮನೆ ಬೆಂಕಿಗೆ ಆಹುತಿಯಾಗಿತ್ತು.

ಒಂದು ಸಂಖ್ಯೆ ಅವಿಭಾಜ್ಯ ಹೌದೋ ಅಲ್ಲವೋ ನೋಡಲು ಶಾಲೆಯಲ್ಲಿ ಹೇಳಿಕೊಟ್ಟ ದಾರಿ ಯಾವುದು? ಅದರ ವರ್ಗಮೂಲದವರೆಗಿನ ಎಲ್ಲ ಅವಿಭಾಜ್ಯಗಳಿಂದಲೂ ಭಾಗಿಸಿ ನೋಡೋದು. 2147483647ರ ವರ್ಗಮೂಲ 46340ರ ಮೇಲೆ ಸ್ವಲ್ಪ. ಅಲ್ಲಿಯವರೆಗೆ 4792 ಅವಿಭಾಜ್ಯಗಳಿವೆ. ಕೈಯಲ್ಲಿ ಒಂದು ಭಾಗಾಕಾರಕ್ಕೆ ಐದು ನಿಮಿಷ ಅಂದುಕೊಳ್ಳಿ, ದಿನಕ್ಕೆ ಎಂಟು ಗಂಟೆ ಕೂತರೆ ಐವತ್ತು ದಿನ. ಮಧ್ಯೆ ಒಂದು ಕಡೆ ಲೆಕ್ಕ ತಪ್ಪಿದರೂ ಅಷ್ಟೂ ವ್ಯರ್ಥ.

ಇಲ್ಲೇ ನನಗೆ ಈ ಕಥೆಯ ಅತಿ ಸುಂದರವಾದ ಭಾಗ ಇರೋದು. ಸ್ವಲ್ಪ ನಿಧಾನವಾಗಿ ಓದಿ, ಪೆನ್ನು ಪೇಪರ್ ಬೇಡ.

ನಮ್ಮ ಸಂಖ್ಯೆಯನ್ನು ಭಾಗಿಸುವ ಒಂದು ಅವಿಭಾಜ್ಯ ಇದೆ ಅಂತಲೇ ಇಟ್ಟುಕೊಳ್ಳೋಣ. ಅದಕ್ಕೆ ‘ಕಳ್ಳ’ ಅಂತ ಹೆಸರಿಡೋಣ. ಈಗ 2, 4, 8, 16 ಹೀಗೆ ಎರಡರ ಘಾತಗಳನ್ನು ಒಂದೊಂದಾಗಿ ಕಳ್ಳನಿಂದ ಭಾಗಿಸುತ್ತಾ ಶೇಷ ಮಾತ್ರ ಬರೆದುಕೊಳ್ಳಿ. ಇದು ಪಾರ್ಕಿನ ಟ್ರ್ಯಾಕ್ ಮೇಲೆ ವಾಕಿಂಗ್ ಮಾಡಿದ ಹಾಗೆ: ಗೇಟಿನಿಂದ ಹೊರಟು, ಒಂದೊಂದು ಹೆಜ್ಜೆಗೂ ಶೇಷ ಬದಲಾಗುತ್ತಾ, ಸುತ್ತು ಮುಗಿದಾಗ ಮತ್ತೆ ಗೇಟಿಗೆ, ಅಂದರೆ ಶೇಷ 1ಕ್ಕೆ ಬರುತ್ತೀರಿ. ಕಳ್ಳ ನಮ್ಮ ಸಂಖ್ಯೆಯನ್ನು ಭಾಗಿಸುವುದರಿಂದ 31ನೇ ಹೆಜ್ಜೆಗೆ ನೀವು ಗೇಟಿನಲ್ಲೇ ಇರಬೇಕು. 31 ಅವಿಭಾಜ್ಯವಾದ್ದರಿಂದ ಅದಕ್ಕಿಂತ ಚಿಕ್ಕ ಸುತ್ತುಗಳು 31 ಹೆಜ್ಜೆಗೆ ಸರಿಯಾಗಿ ಕೂರೋದಿಲ್ಲ. ಹಾಗಾಗಿ ಒಂದು ಸುತ್ತು ಅಂದರೆ 31 ಹೆಜ್ಜೆಯೇ. ಇನ್ನೊಂದು ಕಡೆ, ಫರ್ಮಾ ಅನ್ನುವ ಫ್ರೆಂಚ್ ವಕೀಲರು ಕಂಡುಕೊಂಡ ಒಂದು ನಿಯಮ ಇದೆ: ಅವಿಭಾಜ್ಯದಿಂದ ಒಂದು ಕಳೆದಷ್ಟು ಹೆಜ್ಜೆ ಹಾಕಿದರೆ ಯಾವತ್ತೂ ಗೇಟಿಗೆ ಬಂದೇ ಬರುತ್ತೀರಿ. ಎರಡನ್ನೂ ಸೇರಿಸಿ ನೋಡಿ. ಸುತ್ತಿಗೆ 31 ಹೆಜ್ಜೆ, ‘ಕಳ್ಳ ಕಳೆ ಒಂದು’ ಹೆಜ್ಜೆಗೂ ಗೇಟಿನಲ್ಲೇ ಇದ್ದೀರಿ. ಅಂದರೆ ಕಳ್ಳನಿಂದ ಒಂದು ಕಳೆದರೆ ಬರೋದು 31ರ ಗುಣಕ. ಕಳ್ಳ ಬೆಸಸಂಖ್ಯೆ, ಒಂದು ಕಳೆದರೆ ಸಮ, ಹಾಗಾಗಿ 62ರ ಗುಣಕ.

ಒಂದೇ ಏಟಿಗೆ ಎಷ್ಟು ಜನ ಅನುಮಾನದಿಂದ ಪಾರಾದರು ನೋಡಿ. 3, 5, 7, 11, 13 ಯಾರೂ ಕಳ್ಳರಾಗಲು ಸಾಧ್ಯವೇ ಇಲ್ಲ. 62ರ ಗುಣಕಕ್ಕೆ ಒಂದು ಕೂಡಿಸಿ ಬರುವವರನ್ನು ಮಾತ್ರ ವಿಚಾರಿಸಿದರೆ ಸಾಕು. ಇದೇ ಜರಡಿಯನ್ನು ಕತಾಲ್ದಿಯ 23ಕ್ಕೆ ಹಾಕಿ: 46ಕ್ಕೆ ಒಂದು ಕೂಡಿಸಿದರೆ 47. ಮೊದಲನೇ ಅನುಮಾನಿತನೇ ಸಿಕ್ಕಿಬಿದ್ದ! 2ರ 23ನೇ ಘಾತ ಕಳೆ ಒಂದು ಅಂದರೆ 83,88,607. ಅದು 47 ಗುಣಿಸು 1,78,481. ಫರ್ಮಾ 1640ರಲ್ಲೇ ಇದನ್ನು ಹಿಡಿದಿದ್ದರು.

ಆಯ್ಲರ್ ಇದರ ಮೇಲೆ ಇನ್ನೊಂದು ಜರಡಿ ಇಟ್ಟರು. ಕಳ್ಳನನ್ನು 8ರಿಂದ ಭಾಗಿಸಿದರೆ ಶೇಷ 1 ಅಥವಾ 7 ಮಾತ್ರ ಬರಬೇಕು. (2ರ 32ನೇ ಘಾತ ಒಂದು ವರ್ಗಸಂಖ್ಯೆ, ಕಳ್ಳನಿಂದ ಭಾಗಿಸಿದರೆ ಅದರ ಶೇಷ 2. ಯಾವ ಅವಿಭಾಜ್ಯಗಳಿಗೆ ವರ್ಗದ ಶೇಷ 2 ಬರಬಹುದು ಅನ್ನೋದಕ್ಕೆ ಇರುವ ನಿಯಮದಿಂದ ಇದು ಬರುತ್ತೆ. ಅರ್ಥವಾಗದಿದ್ದರೆ ಮುಂದೆ ಹೋಗಿ, ನಷ್ಟವಿಲ್ಲ.) ಅಲ್ಲಿಗೆ ಉಳಿದವರಲ್ಲಿ ಅರ್ಧ ಜನ ಮನೆಗೆ. ಉಳಿಯೋದು 248ರ ಗುಣಕಕ್ಕೆ 1 ಕೂಡಿಸಿದ ಅಥವಾ 63 ಕೂಡಿಸಿದ ಸಂಖ್ಯೆಗಳು ಮಾತ್ರ: 63, 249, 311, 497, 559, 745 ಹೀಗೆ. 46340ರೊಳಗೆ ಅಂಥವು ಮುನ್ನೂರ ಎಪ್ಪತ್ತು ಚಿಲ್ಲರೆ. ಅದರಲ್ಲೂ 63, 249ರಂಥವು ನೋಡಿದ ಕೂಡಲೇ ಬಿದ್ದುಹೋಗುತ್ತವೆ, ಅವೇ ಅವಿಭಾಜ್ಯ ಅಲ್ಲ. 1303ರವರೆಗೆ ಹೋದರೂ ನಿಜವಾಗಿ ಭಾಗಿಸಿ ನೋಡಬೇಕಾದದ್ದು ಎರಡೇ, 311 ಮತ್ತು 1303. ಒಟ್ಟಾರೆ ಎಂಬತ್ತರ ಆಸುಪಾಸು ಭಾಗಾಕಾರ. ನಮ್ಮ ಐದು ನಿಮಿಷದ ಲೆಕ್ಕದಲ್ಲಿ ಒಂದು ದಿನದ ಕೆಲಸ. ಯಾವುದೂ ಭಾಗಿಸಲಿಲ್ಲ. ಕಳ್ಳನೇ ಇಲ್ಲ.

ಸಿಸ್ಟಮ್ ಸ್ಲೋ ಆದರೆ ‘ಇನ್ನೆರಡು ಸರ್ವರ್ ಹಾಕೋಣ’ ಅನ್ನೋದು ನಮ್ಮ ಕಡೆ ಮೊದಲು ಬರುವ ಸಲಹೆ. ಸರ್ವರ್ ಇಲ್ಲದ, ಕಣ್ಣೂ ಕಾಣದ ಮನುಷ್ಯ 4792ನ್ನು ಎಂಬತ್ತಕ್ಕೆ ಇಳಿಸಿದ್ದನ್ನು ಮೀಟಿಂಗ್ ರೂಮಿನ ಗೋಡೆ ಮೇಲೆ ಬರೆದಿಡಬೇಕು ಅಂತ ನನ್ನ ಆಸೆ.

ಫೋನಿನ ಕ್ಯಾಲ್ಕುಲೇಟರ್‌ನಲ್ಲಿ ನೀವೇ ಮಾಡಿ ನೋಡಬಹುದಾದ ಒಂದು ಗುಣ ಹೇಳುತ್ತೇನೆ. 2147483647ನ್ನು 2, 3, 7, 9, 11, 31, 151, 331 ಯಾವುದರಿಂದ ಭಾಗಿಸಿದರೂ ಶೇಷ ಒಂದೇ ಒಂದು. ಯಾಕೆಂದರೆ ಅದರ ಹಿಂದಿನ ಸಂಖ್ಯೆ 2147483646 ಇದೆಯಲ್ಲ, ಅದು ಸರಿಯಾಗಿ 2 ಗುಣಿಸು 9 ಗುಣಿಸು 7 ಗುಣಿಸು 11 ಗುಣಿಸು 31 ಗುಣಿಸು 151 ಗುಣಿಸು 331. ಪಕ್ಕದ ಮನೆ ತುಂಬ ಭಾಜಕಗಳ ಗಿಜಿಗಿಜಿ, ಈ ಮನೆಯಲ್ಲಿ ಮಾತ್ರ ಯಾರೂ ಇಲ್ಲ.

‘ಇದಕ್ಕಿಂತ ದೊಡ್ಡದು ಯಾರಿಗೆ ಬೇಕು?’

ಆಯ್ಲರ್ ಕೆಲಸದಿಂದ ಇನ್ನೊಂದು ಫಲ ಸಿಕ್ಕಿತು. 6ರ ಭಾಜಕಗಳು 1, 2, 3. ಕೂಡಿದರೆ ಮತ್ತೆ 6. 28ರದ್ದು 1, 2, 4, 7, 14, ಕೂಡಿದರೆ 28. ಇವು ಪರಿಪೂರ್ಣ ಸಂಖ್ಯೆಗಳು. ಒಂದೊಂದು ಮರ್ಸೆನ್ ಅವಿಭಾಜ್ಯಕ್ಕೂ ಒಂದೊಂದು ಪರಿಪೂರ್ಣ ಸಂಖ್ಯೆ ಜೋಡಿಯಾಗಿ ಬರುತ್ತದೆ ಅಂತ ಯೂಕ್ಲಿಡ್ ಎರಡು ಸಾವಿರ ವರ್ಷಕ್ಕೂ ಹಿಂದೆಯೇ ತೋರಿಸಿದ್ದರು. 3ಕ್ಕೆ 6, 7ಕ್ಕೆ 28, 31ಕ್ಕೆ 496, 127ಕ್ಕೆ 8128. ನಮ್ಮ 2147483647ರ ಜೋಡಿ 2305843008139952128. ಹತ್ತೊಂಬತ್ತು ಅಂಕಿ, ಎಂಟನೇ ಪರಿಪೂರ್ಣ ಸಂಖ್ಯೆ.

1811ರಲ್ಲಿ ಇಂಗ್ಲೆಂಡಿನ ಪೀಟರ್ ಬಾರ್ಲೋ ಸಂಖ್ಯಾಶಾಸ್ತ್ರದ ಬಗ್ಗೆ ಒಂದು ಪುಸ್ತಕ ಬರೆದರು. ಈ ಪರಿಪೂರ್ಣ ಸಂಖ್ಯೆ ಗೊತ್ತಿರುವುದರಲ್ಲಿ ಅತಿ ದೊಡ್ಡದು, ಬಹುಶಃ ಮುಂದೆಂದೂ ಇದಕ್ಕಿಂತ ದೊಡ್ಡದನ್ನು ಯಾರೂ ಕಂಡುಹಿಡಿಯಲಾರರು ಅಂತ ಅದರಲ್ಲಿ ಹೇಳಿದರು. ಕಾರಣ? ಇವು ಬರೀ ಕುತೂಹಲದ ವಸ್ತು, ಉಪಯೋಗ ಇಲ್ಲ, ಹಾಗಾಗಿ ಯಾರೂ ಪ್ರಯತ್ನ ಪಡುವುದಿಲ್ಲ. ಬಾರ್ಲೋ ದಡ್ಡರಲ್ಲ. ದೂರದರ್ಶಕ ಇಟ್ಟುಕೊಂಡ ಹವ್ಯಾಸಿಗಳು ಇವತ್ತಿಗೂ ಬಳಸುವ ಬಾರ್ಲೋ ಲೆನ್ಸ್ ಅವರದ್ದೇ. ಅವರ ಎಣಿಕೆ ತಪ್ಪಿದ್ದು ಗಣಿತದಲ್ಲಿ ಅಲ್ಲ, ಜನರ ಹಠದ ವಿಷಯದಲ್ಲಿ.

1876ರಲ್ಲಿ ಫ್ರಾನ್ಸಿನ ಎದುವಾರ್ ಲ್ಯೂಕಾ 2ರ 127ನೇ ಘಾತ ಕಳೆ ಒಂದು ಅವಿಭಾಜ್ಯ ಅಂತ ತೋರಿಸಿದರು. 39 ಅಂಕಿ. ಭಾಗಾಕಾರದ ದಾರಿಯಲ್ಲಿ ಅಲ್ಲಿಗೆ ತಲುಪಲು ಸಾಧ್ಯವೇ ಇರಲಿಲ್ಲ, ಅವರು ಹೊಸ ಉಪಾಯವನ್ನೇ ಹುಡುಕಿದ್ದರು. ಮುಂದೆ ಅಮೆರಿಕದ ಡಿ.ಎಚ್. ಲೆಹ್ಮರ್ ಅದನ್ನು ತಿದ್ದಿ ಚೊಕ್ಕ ಮಾಡಿದರು. ಉಪಾಯ ಎಷ್ಟು ಚಿಕ್ಕದು ಅಂದರೆ, ಇಲ್ಲೇ ಮಾಡಿ ತೋರಿಸುತ್ತೇನೆ. 31 ಅವಿಭಾಜ್ಯವೇ ನೋಡೋಣ. ಅದು 2ರ 5ನೇ ಘಾತ ಕಳೆ ಒಂದು. 4ರಿಂದ ಶುರು. ವರ್ಗ ಮಾಡಿ, 2 ಕಳೆಯಿರಿ, 31ರಿಂದ ಭಾಗಿಸಿ ಶೇಷ ಇಟ್ಟುಕೊಳ್ಳಿ. 4ರ ವರ್ಗ 16, ಎರಡು ಕಳೆದರೆ 14. 14ರ ವರ್ಗ 196, ಎರಡು ಕಳೆದರೆ 194, ಶೇಷ 8. 8ರ ವರ್ಗ 64, ಎರಡು ಕಳೆದರೆ 62, ಶೇಷ ಸೊನ್ನೆ. ಘಾತಕ್ಕಿಂತ ಎರಡು ಕಡಿಮೆ ಸಲ, ಅಂದರೆ ಮೂರು ಸಲ ಮಾಡಿದಾಗ ಸೊನ್ನೆ ಬಂತು, ಅವಿಭಾಜ್ಯ. ನಮ್ಮ 2147483647ಕ್ಕೆ 29 ಸಲ ಮಾಡಿದರೆ ಮುಗಿಯಿತು. ನಿಮ್ಮ ಕೈಯಲ್ಲಿರೋ ಫೋನಿಗೆ ಅದು ಕಣ್ಣು ಮಿಟುಕಿಸುವಷ್ಟು ಹೊತ್ತಿನ ಕೆಲಸವೂ ಅಲ್ಲ.

ಈ ಪರೀಕ್ಷೆ ಮರ್ಸೆನ್ ಸಂಖ್ಯೆಗಳಿಗೆ ಮಾತ್ರ. ಯಾವುದೇ ಸಂಖ್ಯೆಯನ್ನಾದರೂ, ಅದು ಬೆಳೆದಂತೆ ಕೆಲಸ ಕೈಮೀರದ ಹಾಗೆ, ಖಚಿತವಾಗಿ ಪರೀಕ್ಷಿಸುವ ದಾರಿ ಸಿಕ್ಕಿದ್ದು ನಮ್ಮಲ್ಲೇ: 2002ರಲ್ಲಿ ಐಐಟಿ ಕಾನ್ಪುರದ ಮಣೀಂದ್ರ ಅಗರವಾಲ್ ಮತ್ತು ಅವರ ವಿದ್ಯಾರ್ಥಿಗಳಾದ ನೀರಜ್ ಕಯಾಲ್, ನಿತಿನ್ ಸಕ್ಸೇನಾ ಅದನ್ನು ಕೊಟ್ಟರು. ಕಯಾಲ್ ಮುಂದೆ ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್‌ಗೆ ಬಂದರು.

ಆದರೆ ದಾಖಲೆ ಮುರಿಯುವವರು ಈಗಲೂ ಮರ್ಸೆನ್ ಸಂಖ್ಯೆಗಳ ಹಿಂದೆಯೇ ಇದ್ದಾರೆ, ಯಾಕೆಂದರೆ ಪರೀಕ್ಷೆ ಅಷ್ಟು ಅಗ್ಗ. 1996ರಲ್ಲಿ ಶುರುವಾದ ಗಿಂಪ್ಸ್ ಯೋಜನೆಯಲ್ಲಿ ಲೋಕದ ಯಾರು ಬೇಕಾದರೂ ತಮ್ಮ ಕಂಪ್ಯೂಟರ್‌ನ ಬಿಡುವಿನ ಹೊತ್ತನ್ನು ಕೊಡಬಹುದು. 2024ರ ಅಕ್ಟೋಬರ್‌ನಲ್ಲಿ ಅಮೆರಿಕದ ಲ್ಯೂಕ್ ಡ್ಯುರಾಂಟ್, 17 ದೇಶಗಳಲ್ಲಿ ಹರಡಿದ್ದ ಕ್ಲೌಡ್ ಸರ್ವರ್‌ಗಳ ಜಿಪಿಯುಗಳನ್ನು ಓಡಿಸಿ ಕಂಡುಹಿಡಿದದ್ದು 2ರ 13,62,79,841ನೇ ಘಾತ ಕಳೆ ಒಂದು. ನಾಲ್ಕು ಕೋಟಿ ಹತ್ತು ಲಕ್ಷಕ್ಕೂ ಹೆಚ್ಚು ಅಂಕಿಗಳು. ಸೆಕೆಂಡಿಗೊಂದು ಅಂಕಿಯಂತೆ ಊಟ ನಿದ್ದೆ ಬಿಟ್ಟು ಓದಿದರೂ ಸುಮಾರು 475 ದಿನ ಬೇಕು.

ಇನ್ನು ಬಾರ್ಲೋ ಹೇಳಿದ ‘ಉಪಯೋಗ ಇಲ್ಲ’ ಅನ್ನೋ ಮಾತು. 2ರ 521ನೇ ಘಾತ ಕಳೆ ಒಂದು ಅನ್ನುವ ಮರ್ಸೆನ್ ಅವಿಭಾಜ್ಯದ ಮೇಲೆ ಇಂಟರ್‌ನೆಟ್‌ನ ಒಂದು ಗುಪ್ತಲಿಪಿ ಮಾನದಂಡವೇ ನಿಂತಿದೆ. ವಾಟ್ಸ್‌ಆ್ಯಪ್ ಮೆಸೇಜುಗಳ ಬೀಗಕ್ಕೆ ಬಳಸುವ ಗಣಿತದಲ್ಲಿ 2ರ 255ನೇ ಘಾತ ಕಳೆ 19 ಅನ್ನುವ ಅವಿಭಾಜ್ಯ ಇದೆ. ಮರ್ಸೆನ್ ಅಲ್ಲ, ಆದರೆ ಎರಡರ ಘಾತದ ಪಕ್ಕದಲ್ಲೇ ಇರೋದರಿಂದ ಕಂಪ್ಯೂಟರ್‌ಗೆ ಬೇಗ ಲೆಕ್ಕ ಮಾಡಲು ಬರುತ್ತದೆ.

ನಮ್ಮ 2147483647 ಬೀಗಕ್ಕೆ ತೀರಾ ಚಿಕ್ಕದು. ಆದರೆ ಚೀಟಿ ಎತ್ತಲು ಸರಿಯಾಗಿ ಹೊಂದಿತು. 1969ರಲ್ಲಿ ಐಬಿಎಂ ಸಿಸ್ಟಮ್/360 ಕಂಪ್ಯೂಟರ್‌ಗೆ ‘ಯಾದೃಚ್ಛಿಕ’ ಸಂಖ್ಯೆಗಳು, ನಮ್ಮ ಬಾಯಲ್ಲಿ ರ‍್ಯಾಂಡಮ್ ನಂಬರ್, ಬೇಕಾದಾಗ ಅದನ್ನೇ ಆರಿಸಿಕೊಂಡರು. ವಿಧಾನದ ಮೂಲ ಮತ್ತೆ ಅದೇ ಲೆಹ್ಮರ್. 1ರಿಂದ ಶುರು ಮಾಡಿ. ಪ್ರತಿಸಲ 16807ರಿಂದ ಗುಣಿಸಿ, 2147483647ರಿಂದ ಭಾಗಿಸಿ, ಶೇಷ ಇಟ್ಟುಕೊಳ್ಳಿ. ಬರೋದು 16807, ಆಮೇಲೆ 282475249, ಆಮೇಲೆ 1622650073, ಆಮೇಲೆ 984943658. ನೋಡಿದರೆ ತಲೆಬುಡ ಇಲ್ಲ. ಆದರೆ 1ರಿಂದ 2147483646ರವರೆಗಿನ ಪ್ರತಿಯೊಂದು ಸಂಖ್ಯೆಯೂ ಒಂದೊಂದೇ ಸಲ ಬಂದು, ಎಲ್ಲ ಮುಗಿದ ಮೇಲಷ್ಟೇ ಮತ್ತೆ 1 ಬರುತ್ತದೆ. ಭಾಗಿಸುವ ಸಂಖ್ಯೆ ಅವಿಭಾಜ್ಯ ಆಗಿರೋದರಿಂದಲೇ ಒಂದನ್ನೂ ಬಿಡದ ಇಷ್ಟು ಉದ್ದದ ಸುತ್ತು ಸಾಧ್ಯವಾಗುವುದು. ಸಿ++ ಭಾಷೆಯಲ್ಲಿ ಈ ಯಂತ್ರ ಇವತ್ತಿಗೂ ಸಿದ್ಧವಾಗಿ ಸಿಗುತ್ತದೆ. ಆಟಕ್ಕೆ, ಪ್ರಯೋಗಕ್ಕೆ ಪರವಾಗಿಲ್ಲ. ಒಟಿಪಿ ಮಾಡಲು ಮಾತ್ರ ಬಳಸಬೇಡಿ, ಒಂದು ಸಂಖ್ಯೆ ಸಿಕ್ಕರೆ ಮುಂದಿನದೆಲ್ಲ ಯಾರು ಬೇಕಾದರೂ ಹೇಳಿಬಿಡುತ್ತಾರೆ.

ಮಂಗಳವಾರ ಬೆಳಗ್ಗೆ 8:44

ಎರಡನೇ ‘ಇಷ್ಟು ಸಾಕು’ ನಮ್ಮ ಕಾಲದ್ದು. 32 ಬಿಟ್ ರೂಢಿಗೆ ಬಂದಾಗ 214 ಕೋಟಿ ಅನ್ನೋದು ಎಣಿಸಿ ಮುಗಿಯದ ರಾಶಿಯಾಗಿ ಕಂಡಿದ್ದರಲ್ಲಿ ಆಶ್ಚರ್ಯವಿಲ್ಲ. 2014ರ ಡಿಸೆಂಬರ್‌ನಲ್ಲಿ ‘ಗಂಗ್ನಮ್ ಸ್ಟೈಲ್’ ಹಾಡಿನ ವೀಕ್ಷಣೆ ಈ ಗೋಡೆ ಮುಟ್ಟಿತು. ಒಂದು ವಿಡಿಯೊವನ್ನು ಇಷ್ಟು ಸಲ ನೋಡುತ್ತಾರೆ ಅಂತ ಅಂದುಕೊಂಡೇ ಇರಲಿಲ್ಲ ಅಂತ ಯೂಟ್ಯೂಬ್ ತಾನೇ ಹೇಳಿಕೊಂಡು, ಎಣಿಕೆಯನ್ನು 64 ಬಿಟ್‌ಗೆ ಬದಲಾಯಿಸಿತು.

ನಾನು ಹಿಂದೆ ಇದ್ದ ಒಂದು ಕಂಪನಿಯಲ್ಲಿ ಒಂದು ರಾತ್ರಿ ಇದ್ದಕ್ಕಿದ್ದಂತೆ ಹೊಸ ಎಂಟ್ರಿಗಳು ಸೇರೋದೇ ನಿಂತುಹೋಯಿತು. ಟೇಬಲ್‌ನ ಐಡಿ 2147483647ಕ್ಕೆ ಬಂದು ನಿಂತಿತ್ತು. ಮುಂದಿನ ಸಾಲಿಗೂ ಅದೇ ಐಡಿ ಕೊಡಲು ಹೋಗಿ ‘ಈಗಾಗಲೇ ಇದೆ’ ಅಂತ ಡೇಟಾಬೇಸ್ ತಿರಸ್ಕರಿಸುತ್ತಿತ್ತು. ಕಾಲಂ ದೊಡ್ಡದು ಮಾಡೋದು ಒಂದು ಸಾಲಿನ ಆದೇಶ, ಆದರೆ ಇನ್ನೂರು ಕೋಟಿ ಸಾಲುಗಳನ್ನು ಹೊಸದಾಗಿ ಬರೆದು ಮುಗಿಸಲು ಗಂಟೆಗಟ್ಟಲೆ ಬೇಕಾಯಿತು. ಬೆಳಗ್ಗೆ ಕಣ್ಣು ಕೆಂಪು ಮಾಡಿಕೊಂಡು ಕೂತಿದ್ದಾಗ ಅಮ್ಮ ಕಾಫಿ ತಂದಿಟ್ಟು, ‘ಅಷ್ಟು ದೊಡ್ಡ ನಂಬರ್ರೂ ಖಾಲಿ ಆಗುತ್ತೇನೋ?’ ಅಂದರು. ಆಗುತ್ತಮ್ಮ, ಸೆಕೆಂಡಿಗೆ 20 ಎಂಟ್ರಿ ಬಂದರೆ ಮೂರೂವರೆ ವರ್ಷ ಸಾಕು ಅಂದೆ.

ಇವೆಲ್ಲ ಒಂದೊಂದು ಕಂಪನಿಯ ತಲೆನೋವು. ಎಲ್ಲರಿಗೂ ಸೇರಿದ್ದು ಒಂದಿದೆ. ಯುನಿಕ್ಸ್ ವಂಶದ ಕಂಪ್ಯೂಟರ್‌ಗಳು ಹೊತ್ತು ಅಳೆಯೋದು 1970ರ ಜನವರಿ 1ರಿಂದ ಕಳೆದ ಸೆಕೆಂಡುಗಳಲ್ಲಿ, ನಮ್ಮ ಸಮಯದ ಪ್ರಕಾರ ಆ ಬೆಳಗಿನ ಐದೂವರೆಯಿಂದ. ಆ ಎಣಿಕೆಯನ್ನು 32 ಬಿಟ್‌ನಲ್ಲಿ ಇಟ್ಟಿರುವ ಕಡೆಯಲ್ಲೆಲ್ಲ, 2038ರ ಜನವರಿ 19, ಮಂಗಳವಾರ, ಬೆಳಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ಅದು 2147483647 ಆಗುತ್ತದೆ. ಮುಂದಿನ ಸೆಕೆಂಡಿಗೆ ಪ್ಲಸ್ ಮೈನಸ್ಸಿನ ಸ್ವಿಚ್ಚು ತಿರುಗಿ ಕ್ಯಾಲೆಂಡರ್ 1901ರ ಡಿಸೆಂಬರ್‌ಗೆ ಹಾರುತ್ತದೆ.

ಹೊಸ ಫೋನ್, ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಸಮಯ 64 ಬಿಟ್‌ಗೆ ಹೋಗಿ ಆಗಿದೆ. 32 ಬಿಟ್ ಯಂತ್ರಗಳೂ 2038 ದಾಟುವಂತೆ ಲಿನಕ್ಸ್ ಕರ್ನಲ್ ಅನ್ನು 2020ರಲ್ಲಿ, 5.6 ಆವೃತ್ತಿಯ ಹೊತ್ತಿಗೆ ಸಿದ್ಧ ಮಾಡಿದರು. ನನಗೆ ಭಯ ಇರೋದು ಅವುಗಳ ಬಗ್ಗೆ ಅಲ್ಲ. ಒಮ್ಮೆ ಗೋಡೆಗೆ ಹೊಡೆದು ಹದಿನೈದು ವರ್ಷ ಯಾರೂ ಮುಟ್ಟದ ಪೆಟ್ಟಿಗೆಗಳು, ಬರೆದವರು ಕೆಲಸ ಬಿಟ್ಟು ಹೋಗಿ ಯಾರಿಗೂ ಅರ್ಥವಾಗದ ಹಳೇ ಪ್ರೋಗ್ರಾಂಗಳು, ಎರಡು ಸಿಸ್ಟಮ್ ನಡುವೆ ಓಡಾಡುವ ಫೈಲುಗಳಲ್ಲಿ ದಿನಾಂಕಕ್ಕೆ ಅಂತ ಬಿಟ್ಟ ನಾಲ್ಕು ಬೈಟ್ ಜಾಗ, ಇವುಗಳ ಬಗ್ಗೆ.

ಮತ್ತೆ, 2038ರ ತೊಂದರೆಗೆ 2038ರವರೆಗೆ ಕಾಯಬೇಕಿಲ್ಲ. ಈಗ ತೆಗೆದುಕೊಂಡ ಇಪ್ಪತ್ತು ವರ್ಷದ ಹೋಮ್ ಲೋನಿನ ಕೊನೇ ಕಂತು ಬರೋದು ಆ ಮಂಗಳವಾರದ ಆಚೆಗೇ. ಮಗಳ ಹೆಸರಿನಲ್ಲಿ ಸುಕನ್ಯಾ ಸಮೃದ್ಧಿ ಖಾತೆ ಇದ್ದರೆ ಅದು ಪಕ್ವವಾಗೋದು ತೆರೆದ 21 ವರ್ಷಕ್ಕೆ. 2018ರಲ್ಲಿ ತೆರೆದ ಖಾತೆಗೂ 2039. ಇಂಥ ದಿನಾಂಕವನ್ನು ಹಳೇ ಡಬ್ಬಿಗೆ ತುಂಬಲು ಹೋಗುವ ಪ್ರೋಗ್ರಾಂ ಎಲ್ಲಾದರೂ ಇದ್ದರೆ ಅದು ತಪ್ಪೋದು ಇವತ್ತೇ.

64 ಬಿಟ್‌ಗೆ ಹೋದರೆ ಸೆಕೆಂಡುಗಳ ಗೋಡೆ ಸುಮಾರು 29,200 ಕೋಟಿ ವರ್ಷದಷ್ಟು ದೂರ ಹೋಗುತ್ತದೆ. ಈ ವಿಶ್ವಕ್ಕೇ ಈಗ ಸುಮಾರು 1,380 ಕೋಟಿ ವರ್ಷ. ಅಲ್ಲಿಯವರೆಗೆ ನಿಮ್ಮಿಂದ ಆಗುವ ಒಂದು ಚಿಕ್ಕ ಕೆಲಸ ಇದೆ. ಸೋಮವಾರ ಆಫೀಸಿಗೆ ಹೋದಾಗ ನಿಮ್ಮ ಅತಿ ದೊಡ್ಡ ಟೇಬಲ್‌ನ ಐಡಿ ಎಷ್ಟಕ್ಕೆ ಬಂದಿದೆ, ಅದರ ಕಾಲಂ ಯಾವ ನಮೂನೆಯದ್ದು ಅಂತ ನೋಡಿ. ಅದು ಬರೀ ಇಂಟ್ ಆಗಿದ್ದು, ಎಣಿಕೆ 200 ಕೋಟಿ ದಾಟಿದ್ದರೆ ಉಳಿದಿರೋದು ಹದಿನಾಲ್ಕು ಕೋಟಿ ಚಿಲ್ಲರೆ.